ಟಾಪ್ ತೆಗದ ಕಾರಿನ್ಯಾಗ ಅಕ್ಕನ್ನ ಕರಕೊಂಡ ಹೊಂಟದ್ದು

ಜರಾ ತಡೀರಿ, ಎಲ್ಲೂ ಹೋಗಬ್ಯಾಡ್ರಿ. ಟಾಪ್ ತೆಗಿಯೋ ಕಾರ್ ತೊಗೋಬೇಕಂತ ಯಾರ ತಲ್ಯಾಗ ಅದ, ಅವರು ಇದನ್ನ ಪೂರಾ ಓದೇ ಮುಂದಿನ ಮಾತು ಆಡ್ರಿ.

ನನ್ನ ಗಾಡಿ ಬಂದು ಇನ್ನಾ ವಾರ ತುಂಬಿಲ್ಲ. ಹೊಸಾದು ಅಂದ್ರ ನನಗ ಹೊಸಾದು, ಹೈದರಾಬಾದಿನ್ಯಾಗ ಯಾರೋ ಓಡಿಸಿ ಬಿಟ್ಟದ್ದು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕ ಹೊಟ್ಟಿ ಹಚ್ಚಿ ಮಲಗಿದಂಗ ಕಾಣ್ತದ. ಗುಂಡಿ ಒತ್ತಿದ್ರ ಬಟ್ಟಿ ಟಾಪ್ ತಾನೇ ಮಡಚಿಕೊಂಡು ಹಿಂದ ಹೋಗಿ ಕೂಡ್ತದ. ನಾ ಜಹೀರಾಬಾದಿನ್ಯಾಗ ಕಾರಿಗಿ ಸೀಟ್ ಕವರ್, ಸೌಂಡ್ ಸಿಸ್ಟಮ್ ಹಾಕೋ ದುಕಾನ ಇಟ್ಟೀನಿ. ಗಾಡಿ ಕೆಲಸ ನನಗ ಯಾವ ಉಸ್ತಾದನೂ ಕಲಿಸಿಲ್ಲ. ಮೊಬೈಲಿನ್ಯಾಗ ನೋಡೋದು, ಬಿಚ್ಚೋದು, ಕೆಡಸೋದು, ಮತ್ತ ಜೋಡಸೋದು, ಹಿಂಗೇ ಕಲ್ತದ್ದು. ಅಷ್ಟು ವಿಡಿಯೋ ನೋಡೀನಿ, ಒಂದರಾಗೂ ಒಬ್ಬನೂ ರೋಡಿನ ಹಂಪಿನ ಮಾತು ಎತ್ತಲಿಲ್ಲ ನೋಡ್ರಿ. ಖರೇ ಹೇಳ್ತೀನಿ, ಈ ಗಾಡಿ ತೊಗೊಂಡ ಮ್ಯಾಲೇ ಗೊತ್ತಾತು, ನಮ್ಮ ಕಡಿ ರಸ್ತಾದಾಗ ಹಂಪ್ ಅವ ಅಂತಲ್ಲ, ಹಂಪಿನ ನಡುವ ಅಲ್ಲಲ್ಲಿ ರಸ್ತಾ ಅದ.

ಮೊದಲ ದಿನ ಝರಾಸಂಗಮದ ಗುಡಿಗಿ ಪೂಜಾಕ್ಕ ಒಯ್ದೆ. ಅವ್ವ ಮೂರು ಬೆರಳಿಲೆ ಇಭೂತಿ ಹಚ್ಚಿದಳು, ಎಲ್ಲಿ ಅಂದ್ರ ಬರೋಬ್ಬರಿ ಆ ಕರಿ ಬಟ್ಟಿ ಟಾಪಿನ ಮ್ಯಾಲ. ಇಭೂತಿ ಸಾಲದಂತ ಅರಿಶಿಣ, ಕುಂಕುಮ, ಅದರ ಮ್ಯಾಲ ಟೆಂಗಿನಕಾಯಿ ನೀರು. 'ಅವ್ವಾ, ಅದು ಬಟ್ಟಿ ಅದ, ಹೀರ್ಕೋತದ' ಅಂದೆ. 'ಹೀರ್ಕೊಂಡ್ರ ಚೊಲೋನೇ ಆತಲ್ಲ, ದೇವ್ರು ಗಾಡ್ಯಾಗೇ ಇರ್ತಾನ' ಅಂದಳು. ಆ ಅರಿಶಿಣದ ಕಲಿ ತಿಕ್ಕಿ ತಿಕ್ಕಿ ಈಗ ಹೂವಿನ ಡಿಸೈನ್ ಆಗ್ಯದ.

ಇದೆಲ್ಲಾ ಸಣ್ಣ ಮಾತು. ದೊಡ್ಡ ಮಾತು ಈಗ ಬರ್ತದ.

ನಮ್ಮ ಮನಿ ನಾರಾಯಣಖೇಡ ಹತ್ರ ಹಳ್ಳ್ಯಾಗ. ಅಲ್ಲಿ ನಮ್ಮಣ್ಣನ ಎರಡನೇ ಕೂಸಿನ ಹೆಸರಿಡೋದು ಇತ್ತು, ಹೆಣ್ಣುಕೂಸು. ಕೂಸಿನ ಕಿವ್ಯಾಗ ಹೆಸರು ಹೇಳಬೇಕಾದವಳು ಸೋದರತ್ತಿ, ಅಂದ್ರ ನಮ್ಮಕ್ಕ. ಅಕ್ಕನ್ನ ತಾಂಡೂರಿಗಿ ಕೊಟ್ಟದ, ಭಾವ ಕರಣಕೋಟದ ಫ್ಯಾಕ್ಟರ್ಯಾಗ ನೌಕರಿ ಮಾಡ್ತಾರ. ಅಣ್ಣನ ಮೊದಲನೇ ಮಗನ ಹೆಸರಿಡೋ ಹೊತ್ತಿಗಿ ಅಕ್ಕ ತಾನೇ ಬಾಣಂತಿ ಇದ್ದಳು, ಬರಾಕ ಆಗಲಿಲ್ಲ. ಅವತ್ತು ಕಾಕಾನ ಮಗಳು ಹೆಸರು ಹೇಳಿದಳು. ಆ ಹುಡುಗನ್ನ ನೋಡಿದಾಗೊಮ್ಮೆ ಅಕ್ಕ ಇವತ್ತಿಗೂ ಅಂತಾಳ, 'ಇವನ ಕಿವ್ಯಾಗ ನಾ ಹೇಳಬೇಕಿತ್ತು.' ಈ ಸಲ ಹ್ಯಾಂಗರೆ ಮಾಡಿ ಆಕಿನೇ ಹೇಳಬೇಕು. ಅಯ್ಯನೋರು ಕೊಟ್ಟ ಹೊತ್ತು ಹನ್ನೆರಡರ ಒಳಗ, ಅದರ ಮುಂದ ಚೊಲೋ ಹೊತ್ತಿಲ್ಲ.

ಅಪ್ಪ ಅಂದ್ರು, 'ಅಣ್ಣನ ಜೀಪ್ ಕಳಸ್ತೀನಿ, ಆರಾಮ ಬರ್ತಾಳ.'

ನಾ ಅಂದೆ, 'ಜೀಪ್ ಯಾಕ್ರಿ ಅಪ್ಪಾ? ಮನ್ಯಾಗ ಇಂಥಾ ಗಾಡಿ ಇಟ್ಕೊಂಡು?'

ಅಪ್ಪ ಗಾಡಿ ಕಡಿ ನೋಡಿದ್ರು, ನನ್ನ ಕಡಿ ನೋಡಿದ್ರು. 'ಹೊತ್ತಿಗಿ ಕರಕೊಂಡ ಬಾ, ಅಷ್ಟೇ' ಅಂದು ಒಳಗ ಹೋದ್ರು.

ನಸುಕಿನ್ಯಾಗೇ ಜಹೀರಾಬಾದ ಬಿಟ್ಟು ತಾಂಡೂರ ಮುಟ್ಟಿದೆ. ಬಾಗಲದಾಗ ಅಕ್ಕ ರೇಶ್ಮಿ ಸೀರಿ ಉಟ್ಕೊಂಡು ನಿಂತಾಳ. ಬಾಜೂಕ ಆಕಿ ಅತ್ತಿ, ಅವರೂ ತಯಾರು. ಕೈಯಾಗ ಚೀಲ, ಹೆಗಲ ಮ್ಯಾಲ ಶಾಲು. ಎರಡು ಸೀಟಿನ ಮಾತು ನಾ ಫೋನಿನ್ಯಾಗ ಹೇಳೇ ಇದ್ದಿಲ್ಲ, ನೆನಪಿಗೇ ಬಂದಿದ್ದಿಲ್ಲ.

ಅತ್ತಿ ಗಾಡಿ ಸುತ್ತು ಹೊಡದು ಬಂದ್ರು. 'ತಮ್ಮಾ, ಹಿಂದಿನ ಬಾಗಲ ಎಲ್ಲದ?'

'ಹಿಂದ ಬಾಗಲ ಇಲ್ರಿ ಅತ್ತಿ.'

'ಮತ್ತ ಒಳಗ ಹ್ಯಾಂಗ ಹೋಗೋದು?'

'ಹಿಂದ ಸೀಟೇ ಇಲ್ರಿ.'

ಅತ್ತಿ ಚೀಲ ಕೆಳಗಿಟ್ಟು ಅಕ್ಕನ ಕಡಿ ತಿರಗಿದ್ರು. 'ನಿಮ್ಮ ತಮ್ಮ ಅರ್ಧಾ ಗಾಡಿ ತಂದಾನ ನೋಡವಾ. ಉಳದರ್ಧಾ ಬಂದಾಗ ನನಗ ಹೇಳು.' ಅಂದು ಬಸ್ಸಿಗಿ ಹೊಂಟೇ ಬಿಟ್ರು. ಅಕ್ಕ ನನ್ನ ಕಡಿ ಕಣ್ಣು ಕೆಂಪು ಮಾಡಿ ನೋಡಿದಳು.

ಈಗ ಸಾಮಾನಿನ ಪರೇಶಾನಿ. ಅಕ್ಕ ಕೂಸಿನ ತಲಿಗಿ ಹಾಕೋ ಕುಂಚಿಗಿ ಹೊಲದಿದ್ದಳು. ಅದರ ಜೋಡಿ ಶೇಂಗಾದ ಉಂಡಿ, ಅದೂ ಒಂದು ದೊಡ್ಡ ಬುಟ್ಟಿ. ಟಾಪ್ ಮುಚ್ಚಿ ಡಿಕ್ಕಿ ತೆಗದ್ರ ಡಿಕ್ಕ್ಯಾಗ ಬುಟ್ಟಿ ಹಿಡಿಯಂಗಿಲ್ಲ. ತೊಡಿ ಮ್ಯಾಲ ಇಟ್ಕೊಂಡ್ರ ಬುಟ್ಟಿ ಹಿಡಕಿ ಟಾಪಿಗಿ ತಾಗ್ತದ. ಟಾಪ್ ತೆಗಿಯೋದು ಒಂದೇ ದಾರಿ. ನನಗ ಒಳಗೊಳಗ ಖುಷೀನೇ ಆತು, ಸುಳ್ಳು ಯಾಕ ಹೇಳಲಿ. ಗುಂಡಿ ಒತ್ತಿದೆ. ಟಾಪ್ ಎದ್ದು, ಮಡಚಿ, ಹಿಂದ ಹೋತು. ಓಣ್ಯಾಗಿನ ಮಂದಿ ಎಲ್ಲಾ ಬಂದು ನಿಂತ್ರು. ಒಬ್ಬಾತ ತೆಲುಗಿನ್ಯಾಗ ಕೇಳಿದ, 'ವಾನ ವಸ್ತೇ?' ಮಳಿ ಬಂದ್ರ ಏನ್ ಮಾಡ್ತಿ ಅಂತ. ಅಕ್ಕ ಬುಟ್ಟಿ ಅಪ್ಕೊಂಡು ಕುಂತಾಳ, ಅದರ ಹಿಂದ ಆಕಿ ಮಾರಿ ಕಾಣವಲ್ತು.

ತಾಂಡೂರ ದಾಟೋ ತನಕ ಭಾಳ ಮಜಾ ಬಂತು. ಆಮ್ಯಾಲ ಕಲ್ಲಿನ ಲಾರಿ ಸುರು ಆದವು. ನೆಲಕ್ಕ ಹಾಸೋ ಪರಸಿಕಲ್ಲು ಹೇರಿಕೊಂಡು ಒಂದರ ಹಿಂದ ಒಂದು. ಬ್ಯಾರೆ ಗಾಡ್ಯಾಗ ಕುಂತಾಗ ಲಾರಿ ಗಾಲಿ ಬಾಜೂಕ ಕಾಣ್ತದ, ಇದರಾಗ ಕುಂತ್ರ ಗಾಲಿ ನೆತ್ತಿ ಮ್ಯಾಲ ಕಾಣ್ತದ. ಹುಡಿ ಅಂದ್ರ ಹುಡಿ! ಅಕ್ಕ ಸೆರಗು ತಲಿಗಿ ಸುತ್ತಿ, ಆಮ್ಯಾಲ ಮಾರಿಗಿ ಸುತ್ತಿ, ಆಮ್ಯಾಲ ಉಂಡಿ ಬುಟ್ಟಿಗಿ ಸುತ್ತಿದಳು.

'ಮುಚ್ಚೋ ಮಾರಾಯಾ! ನಾ ಹೆಸರಿಡಾಕ ಹೊಂಟೀನೋ, ಗಿರಣ್ಯಾಗ ಹಿಟ್ಟು ಬೀಸಾಕ ಹೊಂಟೀನೋ?'

'ಬುಟ್ಟಿ ತಾಗ್ತದಲ್ಲ ಯಕ್ಕಾ.'

'ಬುಟ್ಟಿ ಕಾಲಾಗ ಇಟ್ಕೋತೀನಿ. ಕಾಲು ಎಲ್ಲಿ ಇಡಬೇಕಂತ ಆಮ್ಯಾಲ ನೋಡೋಣು. ಮುಚ್ಚು ಮೊದಲ.'

ಗಾಡಿ ರೋಡಿನ ಬಾಜೂಕ ಹಚ್ಚಿ ಗುಂಡಿ ಒತ್ತಿದೆ. ಟಾಪ್ ಅರ್ಧಾ ಎದ್ದು ನಿಂತುಬಿಡ್ತು. ಮುಂದೂ ಇಲ್ಲ, ಹಿಂದೂ ಇಲ್ಲ, ಗಾಳಿಗಿ ಛತ್ರಿ ತಿರವಿದಂಗ ಆಗ್ಯದ. ಗಾಡಿ ಬಂದ್ ಮಾಡಿದೆ, ಚಾಲೂ ಮಾಡಿದೆ. ಫ್ಯೂಜ್ ತೆಗದು ಹಾಕಿದೆ. ವಿಡಿಯೋ ನೋಡಬೇಕಂದ್ರ ಅಲ್ಲಿ ಇಂಟರ್ನೆಟ್ ಹತ್ತಂಗಿಲ್ಲ. ಅಪ್ಪಂದು ಫೋನ್ ಮಾತ್ರ ಬರೋಬ್ಬರಿ ಬಂತು. 'ಎಲ್ಲದೀರಿ?'

'ಬಂದ್ವಿರಿ ಅಪ್ಪಾ, ಇಲ್ಲೇ ಅದೀವಿ.'

'ಇಲ್ಲೇ ಅಂದ್ರ ಎಲ್ಲಿ?'

ಅಕ್ಕ ಫೋನ್ ಕಸ್ಕೊಂಡು, 'ಕಲ್ಲಿನ ಲಾರಿ ನಡುವ ಕುಂತೀವಿರಿ ಅಪ್ಪಾ' ಅಂದಳು. ಕಡೀಗಿ ಇಬ್ಬರೂ ಕೂಡಿ ಕೈಲೆ ಒತ್ತಿ ಒತ್ತಿ ಟಾಪನ್ನ ಹಿಂದಕ್ಕೇ ಮಲಗಿಸಿದ್ವಿ. ಮುಚ್ಚಾಕ ಅಂತೂ ಆಗಲಿಲ್ಲ. ಅಕ್ಕನ ಕೈಯಾಗಿನ ಗಾಜಿನ ಬಳಿ ಒಡದ್ವು. ಆಕಿ ಚೂರು ಆರಿಸಿ ನನ್ನ ಅಂಗೈಯಾಗ ಇಟ್ಟಳು.

ಜಹೀರಾಬಾದ ದಾಟಿ ಝರಾಸಂಗಮದ ಕಡಿ ಹೊಳ್ಳಿದ್ವಿ. ಇನ್ನಾ ಹೊತ್ತಿತ್ತು, ಸೀದಾ ಹೋದ್ರ ಮುಟ್ತಿದ್ವಿ. ಆದ್ರ ಅದು ತೊಗರಿ ರಾಶಿ ಹೊತ್ತು. ನಮ್ಮ ಕಡಿ ಎಷ್ಟೋ ಮಂದಿ ತೊಗರಿ ಗಿಡ ಕೊಯ್ದು ಟಾರ್ ರೋಡಿನ ಮ್ಯಾಲ ಹರವ್ತಾರ. ಹೋಗೋ ಬರೋ ಗಾಡಿ ಗಾಲಿ ತುಳದು ತುಳದು ಕಾಯಿ ಒಡೀತಾವ, ಕಾಳು ಉದರ್ತಾವ. ಗಾಡಿ ಬಂದ್ರ ಅವರಿಗಿ ಖುಷಿ, ಕೈ ಮಾಡಿ ಕರೀತಾರ. ಅಲ್ಲೂ ಹಂಗೇ, ರೋಡ್ ತುಂಬಾ ತೊಗರಿ ಹರವ್ಯಾರ. ರುಮಾಲ ಸುತ್ತಿದ ಒಬ್ಬ ಮುದುಕ, 'ಮ್ಯಾಲೇ ಹೊಡಕೊಂಡ ಬರ್ರಿ, ಮ್ಯಾಲೇ ಬರ್ರಿ!' ಅಂತ ಕೂಗಿದ. ಸಣ್ಣಂದಿನಿಂದ ನಾ ಬೈಕ್, ಜೀಪ್, ಟ್ರ್ಯಾಕ್ಟರ್ ಎಲ್ಲಾ ಆ ತೊಗರಿ ಮ್ಯಾಲ ಹೊಡದವ. ಎರಡನೇ ವಿಚಾರನೇ ಬರಲಿಲ್ಲ, ಹೊಡದೆ.

ಹೊಟ್ಟಿ ನೆಲಕ್ಕ ಹಚ್ಚಿದ ಗಾಡಿ ಅದು! ಒಂದು ಮಾರು ಹೋಗೂದ್ರಾಗ ತೊಗರಿ ಎಲ್ಲಾ ಬಳಕೊಂಡು ಮುಂದ ಬಣವಿ ಮಾಡ್ತು. ಕಟಿಗಿ ಎಲ್ಲಾ ಗಾಡಿ ಕೆಳಗ ಹೊಕ್ಕು, ಗಾಲಿ ಸುಮ್ನೇ ತಿರಗಾಕ ಹತ್ತಿದ್ವು. ಆಮ್ಯಾಲ ಸುಟ್ಟ ವಾಸನಿ ಬಂತು. ಲಗೂನ ಬಂದ್ ಮಾಡಿ, 'ಇಳಿ ಯಕ್ಕಾ!' ಅಂದೆ. ಆಕಿ ಬುಟ್ಟಿ ಸಮೇತ ಹಾರಿದಳು.

ಮುದುಕ ಓಡಿ ಬಂದು ತಲಿ ಮ್ಯಾಲ ಕೈ ಇಟ್ಕೊಂಡ. 'ತುಳ್ಯಾಕ ಹೇಳಿದ್ರ ಕುಂಟಿ ಹೊಡದಂಗ ಹೊಡದ್ಯಲ್ಲೋ! ನನ್ನ ತೊಗರಿ ಎಲ್ಲಾ ನಿನ್ನ ಗಾಡಿ ಹೊಟ್ಟ್ಯಾಗ ಹೋತು!'

'ನೀವೇ ಕರದ್ರಲ್ರಿ ಕಾಕಾ.'

'ನಾ ಗಾಡಿ ಅಂತ ಕರದೆ. ಇದು ಹರದಾಡೋದು ಅಂತ ನನಗೇನು ಗೊತ್ತು?'

ಅವನ ಜೋಡಿ ಇದ್ದ ಹೆಣ್ಣಮಕ್ಕಳು ನಗಾಕ ಹತ್ತಿದ್ರು. ಅಕ್ಕ ನಗಲಿಲ್ಲ. ಬುಟ್ಟಿ ಹಿಡ್ಕೊಂಡು, ಮೊಬೈಲಿನ್ಯಾಗ ಹೊತ್ತು ನೋಡ್ಕೋತ ನಿಂತಿದ್ದಳು. 'ಈ ಸಲನೂ ಅಷ್ಟೇ ಆತಲ್ಲೋ' ಅಂದಳು. ಗಾಡಿ ಬಂದಾಗಿಂದ ನೂರಾ ಎಂಟು ಪರೇಶಾನಿ ಕಂಡೀನಿ, ಆ ಮಾತು ಕೇಳಿದಾಗ ಆದಂಗ ಯಾವುದಕ್ಕೂ ಆಗಿಲ್ಲ.

ಅಷ್ಟರಾಗ ಹಿಂದಿಂದ ಒಂದು ಟ್ರ್ಯಾಕ್ಟರ್ ಬಂತು, ಖಾಲಿ ಟ್ರಾಲಿ, ನಾರಾಯಣಖೇಡ ಕಡೀಗೇ ಹೊಂಟದ್ದು. ನಾ ಅಡ್ಡ ನಿಂತು ಕೈ ಮುಗದೆ. ಸೋದರತ್ತಿ, ಹೆಸರು ಹೇಳಬೇಕು ಅಂದಕೂಡ್ಲೇ ಆ ಡ್ರೈವರ್ ಮತ್ತೇನೂ ಕೇಳಲಿಲ್ಲ. 'ಹತ್ತರಿ ತಂಗಿ' ಅಂದ. ಅಕ್ಕ ರೇಶ್ಮಿ ಸೀರಿ ಎತ್ತಿ ಕಟ್ಟಿ ಟ್ರಾಲಿ ಹತ್ತಿದಳು. ಬುಟ್ಟಿ ನಾ ಎತ್ತಿ ಕೊಟ್ಟೆ.

'ನೀ ಬಾರೋ' ಅಂದಳು.

ನಾನೂ ಒಂದು ಕಾಲು ಇಟ್ಟಿದ್ದೆ. ಆಗ ತಲಿಗಿ ಬಂತು. ಟಾಪ್ ಮುಚ್ಚಂಗಿಲ್ಲ. ಬಾಗಲಕ್ಕ ಚಾವಿ ಹಾಕಿದ್ರೂ ಮ್ಯಾಲ ಆಕಾಶ ತೆರದದ. ನಡು ರೋಡಿನ್ಯಾಗ ಹಂಗ ಬಿಟ್ಟು ಎಲ್ಲಿ ಹೋಗೋದು? 'ನೀ ನಡಿ ಯಕ್ಕಾ' ಅಂದೆ. ಟ್ರ್ಯಾಕ್ಟರ್ ಹೋತು.

ನಾ ಟಾರಿನ ಮ್ಯಾಲ ಬೆನ್ನು ಹಚ್ಚಿ ಮಲಗಿ, ಗಾಡಿ ಕೆಳಗಿಂದ ತೊಗರಿ ಕಟಿಗಿ ಒಂದೊಂದೇ ಜಗ್ಗಾಕ ಹತ್ತಿದೆ. ಜಗ್ಗಿದ ಕಟಿಗಿ ಮುದುಕ ಜಾಡಿಸಿ ಕಾಳು ಆರಿಸ್ಕೊಳ್ತಿದ್ದ, ಬೈಯ್ಕೋತನೇ.

ಆಮ್ಯಾಲ ಅಕ್ಕನ ಫೋನ್ ಬಂತು. ತೊಟ್ಟಿಲ ಮುಂದೇ ಕುಂತಾಳಂತ. ಹೊತ್ತು ಮೀರೋದ್ರಾಗ ಮುಟ್ಯಾಳ. ಫೋನ್ ವೈನಿ ಕೈಯಾಗ ಕೊಟ್ಟಳು. ಅಣ್ಣನ ಹೆಂಡ್ತಿ ಅಂದ್ರ ಸುಮ್ನೇನ್ರಿ, 'ಅರ್ಧಾ ಗಾಡಿ ಸಾಹೇಬ್ರು ಎಲ್ಲದೀರಿ?' ಅಂದ್ರು. ಅತ್ತಿ ಬಸ್ಸಿನ್ಯಾಗ ಬಂದು ಆಗಲೇ ಎಲ್ಲಾ ಹೇಳಿಬಿಟ್ಟಾರ! ಆ ಮ್ಯಾಲ ಅಕ್ಕ ಕೂಸಿನ ಕಿವ್ಯಾಗ ವಾಡಿಕಿ ಪ್ರಕಾರ ಕುರ್ರ್ ಅಂದದ್ದು ಕೇಳಿಸ್ತು. ಹೆಸರು ಹೇಳಿದಕೂಡ್ಲೇ ಸೋದರತ್ತಿ ಬೆನ್ನಿಗಿ ಹೆಣ್ಣಮಕ್ಕಳು ಗುದ್ತಾರಲ್ಲ, ಆ ಧಬಧಬ ಸಪ್ಪಳ ಬಂತು. 'ಸಾಕ್ರೇ, ಬೆನ್ನು ಮುರೀತದ!' ಅಂತ ಅಕ್ಕ ನಗ್ತಿದ್ದಳು. ಹೆಸರು ಏನಿಟ್ರು ಅಂತ ವೈನಿ ಹೇಳೋ ಹೊತ್ತಿಗೇ ಒಂದು ಲಾರಿ ಹಾರ್ನ್ ಹೊಡಕೋತ ಬಾಜೂಕ ಹೋತು, ಫೋನೂ ಕಟ್ ಆತು.

ಅಕ್ಕಂದು ಕೆಲಸ ಆತು, ಅದೊಂದೇ ಸಮಾಧಾನ. ಕೂಸಿನ ಹೆಸರು ಊರ ಮಂದಿಗೆಲ್ಲಾ ಗೊತ್ತಾತು, ಸ್ವಂತ ಕಾಕಾಗ ಮಾತ್ರ ಗೊತ್ತಾಗಲಿಲ್ಲ. ಯಾಕಂದ್ರ ಅವ ಗಾಡಿ ಕಾಯ್ಕೋತ ರೋಡಿನ್ಯಾಗ ಕುಂತಿದ್ದ.

ನಿಮ್ಮಲ್ಲಿ ಯಾರರೆ ಇಂಥಾ ಗಾಡಿ ಇಟ್ಕೊಂಡವರು ಇದ್ರ ಬರೀರಿ, ಮೊದಲ ವಾರ ನಿಮಗೇನು ಆಟ ಆಡಿಸ್ತು, ಮನಿ ಮಂದಿ ಏನಂದ್ರು. ಟಾಪ್ ಅರ್ಧಕ್ಕ ನಿಂತ್ರ ಏನು ಮಾಡಿದ್ರಿ ಅನ್ನೋದಂತೂ ಬಿಡಬ್ಯಾಡ್ರಿ. ನಂದು ಇನ್ನಾ ತೆರದೇ ಅದ.