‘ಇಷ್ಟರಿಂದ ಅಷ್ಟು’ ಅತ್ತಿಗೆ

ನಮ್ಮ ಅತ್ತಿಗೆಗೆ ನೇರವಾಗಿ ಒಂದು ಪ್ರಶ್ನೆ ಕೇಳಿ ನೇರವಾಗಿ ಒಂದು ಉತ್ತರ ಪಡೆದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಊಟಕ್ಕೆ ಎಷ್ಟು ಜನ ಎಂದರೆ “ಆರರಿಂದ ಒಂಬತ್ತು” ಎನ್ನುತ್ತಾರೆ. ಮನೆಗೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದರೆ “ಆರೂವರೆಯಿಂದ ಎಂಟು, ಏಳರ ಆಸುಪಾಸು ಬರೋದೇ ಹೆಚ್ಚು” ಎನ್ನುತ್ತಾರೆ. ನನ್ನ ಅಣ್ಣ ಮದುವೆಯ ಮಾತೆತ್ತಿದಾಗಲೂ ಹೀಗೇ ಏನೋ ಹೇಳಿರಬೇಕು, ಅವನು ಇವತ್ತಿಗೂ ಬಾಯಿ ಬಿಡುವುದಿಲ್ಲ. ನಾನು ಅವರಿಗೆ ಇಟ್ಟ ಹೆಸರು ‘ಇಷ್ಟರಿಂದ ಅಷ್ಟು’. ಅಮ್ಮನ ಮಾತು ಇನ್ನೂ ಖಾರ. “ಅಡ್ಡಗೋಡೆ ಮೇಲೆ ದೀಪ ಇಡೋದಕ್ಕೆ ಸಂಬಳ ತಗೊಳ್ಳೋಳು ಜಗತ್ತಲ್ಲಿ ಇವಳೊಬ್ಬಳೇ!”

ಅತ್ತಿಗೆಯ ಕೆಲಸ ಹವಾಮಾನ ಅಧ್ಯಯನ ಕೇಂದ್ರದಲ್ಲಿ. ಭೂಮಿ ಬಿಸಿಯಾಗುತ್ತ ಹೋದಂತೆ ಮಳೆ ಹೇಗೆ ಬದಲಾಗುತ್ತದೆ, ನಮ್ಮ ಊರಿನ ನದಿ ಎಷ್ಟು ಎತ್ತರಕ್ಕೆ ಏರಬಹುದು ಎಂದು ಅಂದಾಜು ಮಾಡುವ ತಂಡದಲ್ಲಿ ಅವರೂ ಒಬ್ಬರು. ದೊಡ್ಡ ಹೆಸರೇನಿಲ್ಲ, ಪೇಪರಿನಲ್ಲಿ ಫೋಟೋ ಬಂದಿಲ್ಲ. ಮೂರನೇ ಮಹಡಿಯ ಅವರ ಕೋಣೆಯಲ್ಲಿ ಕಿಟಕಿಯ ಚಿಲಕ ಮುರಿದು ವರ್ಷಗಳಾಗಿವೆ, ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿ ಕೆಲಸ ಸಾಗಿಸುತ್ತಿದ್ದಾರೆ.

ನಾನು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಟೆಕ್ನಿಷಿಯನ್. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವ ಜಾಗ ಅದು. ವಾರಕ್ಕೆ ಮೂರು ಸಲ ಬರುವವರಲ್ಲಿ ನಮ್ಮ ಅಮ್ಮನೂ ಒಬ್ಬಳು. ಕಿಟಕಿ ಪಕ್ಕದ ಹಾಸಿಗೆ ತನ್ನದೆಂದೇ ಅವಳ ಲೆಕ್ಕ, ಬೇರೆಯವರು ಮಲಗಿದರೆ ಮುಖ ಊದಿಸುತ್ತಾಳೆ.

ಆಗ ನಮ್ಮ ವಿಭಾಗ ನೆಲಮಹಡಿಯಲ್ಲಿತ್ತು. ಹಿಂದಿನ ಗೋಡೆ ದಾಟಿದರೆ ನದಿ. ಇಪ್ಪತ್ತು ವರ್ಷದೊಳಗೆ ನೀರು ಇಲ್ಲಿಯವರೆಗೆ ಬಂದೀತೇ ಎಂದು ಆಸ್ಪತ್ರೆಯವರು ಅತ್ತಿಗೆಯ ಕೇಂದ್ರವನ್ನು ಕೇಳಿದ್ದರು. ಮುಂದಿನ ಮಳೆಯನ್ನು ಲೆಕ್ಕ ಹಾಕುವ ಐದು ಕಂಪ್ಯೂಟರ್ ಮಾದರಿಗಳನ್ನು ಓಡಿಸಿ ನೋಡಿದರೆ ಐದೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು. ಎಂಥ ಕೆಟ್ಟ ವರ್ಷದಲ್ಲೂ ನೀರು ನಮ್ಮ ಹೊಸ್ತಿಲಿಗಿಂತ ಕೆಳಗೇ ನಿಲ್ಲುತ್ತದೆ ಎಂದು. ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. ಯಂತ್ರಗಳನ್ನು ಮೇಲೆ ಸಾಗಿಸುವುದೆಂದರೆ ನೀರು ಶುದ್ಧ ಮಾಡುವ ಘಟಕ, ಪೈಪು, ಚರಂಡಿ ಎಲ್ಲವೂ ಹೊಸದಾಗಿ ಆಗಬೇಕಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಅದೇ ತಿಂಗಳು ನಾನು ಒಂದು ಹಳೇ ಕಾರು ಕೊಳ್ಳಲು ಹೊರಟಿದ್ದೆ. ಎಂಜಿನ್ ವಜ್ರದ ಹಾಗಿದೆ ಎಂದು ಐದು ಜನ ಹೇಳಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವನು ನಾನು. ಅತ್ತಿಗೆ ಮಾತ್ರ ಐವರಿಗೂ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ನಿಮಗೆ ಇದನ್ನ ಯಾರು ಹೇಳಿದ್ರು?” ಐವರಿಗೂ ಹೇಳಿದ್ದವನು ಒಬ್ಬನೇ, ಮಾರುವವನ ಭಾವಮೈದ!

ನಾವು ಊಟದ ಮೇಜಿನ ಸುತ್ತ ಬಿದ್ದು ಬಿದ್ದು ನಕ್ಕೆವು. ಅತ್ತಿಗೆ ನಗುತ್ತ ನಗುತ್ತಲೇ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. “ನಮ್ಮ ಐದು ಮಾದರೀನ ನಾನು ಹೀಗೆ ಕೇಳಲೇ ಇಲ್ವಲ್ಲ” ಎಂದು ತಟ್ಟೆ ಸರಿಸಿ ಎದ್ದರು.

ಮರುದಿನ ಹುಡುಕಿ ನೋಡಿದರೆ, ಮಳೆಯನ್ನು ಲೆಕ್ಕ ಹಾಕುವ ಭಾಗವನ್ನು ನಾಲ್ಕು ಮಾದರಿಗಳು ಒಂದೇ ಹಳೆಯ ಮಾದರಿಯಿಂದ ಎರವಲು ಪಡೆದಿದ್ದವು. “ಐದು ಸಾಕ್ಷಿ ಅಂದ್ಕೊಂಡಿದ್ವಿ. ಇರೋದು ಎರಡೇ” ಎಂದು ತಮ್ಮ ಹಿರಿಯರ ಮುಂದೆ ಅತ್ತಿಗೆಯೇ ಹೋಗಿ ಹೇಳಿದರು. ಮೊದಲ ವರದಿಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು.

ಲೆಕ್ಕ ಮತ್ತೆ ಶುರುವಾಯಿತು. ಒಂದು ಸಂಜೆ ಅವರನ್ನು ಕರೆತರಲು ಹೋದವನು ಹಿಂದಿನ ಕುರ್ಚಿಯಲ್ಲಿ ಕೂತು ನೋಡಿದೆ. ಆ ತಂಡದಲ್ಲಿ ಈಗ ಯಾರೂ ಮೊದಲು ಮಾತಾಡುವಂತಿಲ್ಲ, ಹಿರಿಯರಂತೂ ಬಾಯೇ ತೆರೆಯುವಂತಿಲ್ಲ. ಅವರು ಒಂದು ಅಂಕಿ ಹೇಳಿಬಿಟ್ಟರೆ ಉಳಿದವರ ತಲೆಗಳು ತಾವಾಗಿಯೇ ಆಡುತ್ತವಂತೆ. ಒಬ್ಬೊಬ್ಬರೂ ತಮ್ಮ ಚೀಟಿಯಲ್ಲಿ ‘ಇಷ್ಟರಿಂದ ಅಷ್ಟು’ ಎಂದು ಬರೆಯಬೇಕು. ಅದಕ್ಕೂ ಮೊದಲು ಕೈ ಪಳಗಿಸಲು ಉತ್ತರ ಗೊತ್ತಿರುವ ಪ್ರಶ್ನೆಗಳು: ಹಳೇ ಸೇತುವೆ ಎಷ್ಟು ಉದ್ದ, ನೀರಿನ ಟ್ಯಾಂಕ್ ಕಟ್ಟಿದ್ದು ಯಾವಾಗ. ಹತ್ತು ಪ್ರಶ್ನೆಗಳಲ್ಲಿ ಒಂಬತ್ತರ ಸರಿಯುತ್ತರವಾದರೂ ನೀವು ಬರೆದ ಮಿತಿಯೊಳಗೆ ಬೀಳಬೇಕು. ಹಿರಿಯರದು ಬಿದ್ದದ್ದು ನಾಲ್ಕು. “ಇಷ್ಟು ವರ್ಷ ಇದೇ ಧೈರ್ಯದಲ್ಲಿ ವರದಿ ಬರೆದ್ನಲ್ಲ!” ಎಂದು ಅವರೇ ತಲೆ ಚಚ್ಚಿಕೊಂಡು ನಕ್ಕರು. ಆಮೇಲೆ ನದಿಯ ಬಗ್ಗೆ ಬರೆದಾಗ ಎಲ್ಲರ ಮಿತಿಯೂ ಅಗಲವಾಯಿತು. ಮೇಲಿನ ತುದಿ ನಮ್ಮ ಹೊಸ್ತಿಲನ್ನು ದಾಟಿತ್ತು.

ಆಸ್ಪತ್ರೆಯ ಸಭೆಗೆ ಅತ್ತಿಗೆಯೇ ಬಂದರು. ಯಂತ್ರಗಳ ವಿಷಯ ಬಂದರೆ ಇರಲಿ ಎಂದು ನನ್ನನ್ನೂ ಕೂರಿಸಿದ್ದರು. ಮ್ಯಾನೇಜರ್ ಹುಬ್ಬೇರಿಸಿದರು.

“ಹೋದ ಸಲ ಒಂದಡಿ ಅಂತರದಲ್ಲಿ ಹೇಳಿದ್ರಿ. ಈ ಸಲ ನಾಲ್ಕಡಿ. ಅಂದ್ರೆ ಮೊದಲಿಗಿಂತ ಈಗ ನಿಮಗೆ ಕಡಿಮೆ ಗೊತ್ತು ಅಂತಾನಾ ಮೇಡಂ?”

“ನಮಗೆ ಎಷ್ಟು ಗೊತ್ತಿಲ್ಲ ಅನ್ನೋದು ಆಗ ಗೊತ್ತಿರ್ಲಿಲ್ಲ ಸಾರ್. ಈಗ ಗೊತ್ತಾಗಿದೆ.”

“ನೀರು ಒಳಗೆ ಬರುತ್ತೋ ಇಲ್ವೋ? ಒಂದೇ ಮಾತಲ್ಲಿ ಹೇಳಿಬಿಡಿ.”

ಬರುತ್ತೆ ಎಂದುಬಿಡಿ ಅತ್ತಿಗೆ, ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಕಿಟಕಿ ಪಕ್ಕದ ಆ ಹಾಸಿಗೆ ನನ್ನ ಕಣ್ಣ ಮುಂದಿತ್ತು.

“ಬರದೇ ಇರೋದೇ ಹೆಚ್ಚು” ಎಂದರು ಅತ್ತಿಗೆ. “ಇಂಥದೇ ಜಾಗದಲ್ಲಿ ಇಂಥ ಇಪ್ಪತ್ತು ಆಸ್ಪತ್ರೆ ಇದ್ರೆ, ಇಪ್ಪತ್ತು ವರ್ಷದಲ್ಲಿ ಮೂರಕ್ಕೋ ನಾಲ್ಕಕ್ಕೋ ನೀರು ನುಗ್ಗುತ್ತೆ. ಅದರಲ್ಲಿ ನಿಮ್ಮದೂ ಒಂದಾ ಅಂತ ಹೇಳೋಕೆ ನನ್ನಿಂದಾಗಲ್ಲ.”

ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿದರು. ನನಗೆ ಅತ್ತಿಗೆಯ ಮೇಲೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು.

“ಯಂತ್ರ ನಿಂತ್ರೆ ನಿಮ್ಮ ಪೇಷೆಂಟ್‌ಗಳು ಎಷ್ಟು ದಿನ ತಡ್ಕೋತಾರೆ?”

“ಮೂರರಿಂದ ಐದು ದಿನ. ಕೆಲವರು ಅಷ್ಟೂ ಇಲ್ಲ.”

“ಒದ್ದೆಯಾದ ಯಂತ್ರ ಸರಿಯಾಗೋಕೆ?”

“ಮೂರರಿಂದ ಆರು ವಾರ.”

ಮ್ಯಾನೇಜರ್ ನನ್ನನ್ನು ನೋಡಿದರು, ಕಿಟಕಿಯಾಚೆಯ ನದಿಯನ್ನು ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತರಲ್ಲಿ ಮೂರು ಎಂಬುದು ಆಗ ಅವರಿಗೆ ದೊಡ್ಡದಾಗಿ ಕಂಡಿರಬೇಕು.

ಮಳೆಗಾಲಕ್ಕೆ ಮೊದಲೇ ನಾವು ಎರಡನೇ ಮಹಡಿಗೆ ಹೋದೆವು. ಲಿಫ್ಟ್ ತಡ ಎಂದು ಅಮ್ಮ ದಿನಾ ಗೊಣಗಿದಳು, ಹೊಸ ಕಿಟಕಿಯಿಂದ ರಸ್ತೆ ಕಾಣುತ್ತದೆ ಎಂದು ಗೊತ್ತಾದ ಮೇಲೆ ನಿಲ್ಲಿಸಿದಳು. ಮೂರು ವರ್ಷ ನದಿ ಸಾಧುವಿನ ಹಾಗೆ ಹರಿಯಿತು. “ಎಲ್ಲಿ ಅತ್ತಿಗೆ ನಿಮ್ಮ ನೀರು?” ಎಂದು ನಾನು ಕಾಲೆಳೆಯುತ್ತಿದ್ದೆ.

ನಾಲ್ಕನೇ ವರ್ಷ ನೀರು ಬಂತು. ಆಸ್ಪತ್ರೆಯ ಅಂಗಳ ತುಂಬಿತು, ಸೈಕಲ್ ಸ್ಟ್ಯಾಂಡ್ ಮುಳುಗಿತು. ನಮ್ಮ ಹಳೇ ವಿಭಾಗದ ಹೊಸ್ತಿಲಿಗೆ ಎರಡು ಮೆಟ್ಟಿಲು ಬಾಕಿ ಇರುವಾಗ ನೀರು ನಿಂತುಬಿಟ್ಟಿತು. ಆ ಕೋಣೆಯ ನೆಲ ಒದ್ದೆಯಾಗಲಿಲ್ಲ. ಆದರೆ ಅಂಗಳದಡಿಯ ಕೇಬಲ್‌ಗೆ ನೀರು ತಾಗೀತೆಂದು ಇಡೀ ನೆಲಮಹಡಿಯ ಕರೆಂಟ್ ತೆಗೆದರು. ವಾರದವರೆಗೆ ಬರಲಿಲ್ಲ. ಮೇಲಿನ ಮಹಡಿಗಳದು ಬೇರೆ ಲೈನು. ನಮ್ಮ ಯಂತ್ರಗಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಒಬ್ಬರ ಸರದಿಯೂ ತಪ್ಪಲಿಲ್ಲ.

ನೀರಿಳಿದ ಮೇಲೆ ಅತ್ತಿಗೆ ನಮ್ಮ ವಿಭಾಗಕ್ಕೆ ಬಂದರು. “ಅತ್ತಿಗೆ, ಇವರೆಲ್ಲ ಉಳಿದದ್ದು ನಿಮ್ಮಿಂದ” ಎಂದೆ.

“ನೀರು ಒಳಗೆ ಬಂದಿಲ್ಲ ಕಣೋ. ಕರೆಂಟ್ ತೆಗೀತಾರೆ ಅನ್ನೋದು ನಮ್ಮ ಲೆಕ್ಕದಲ್ಲೇ ಇರ್ಲಿಲ್ಲ. ಅದಕ್ಕೂ ನನಗೇ ಥ್ಯಾಂಕ್ಸ್ ಹೇಳ್ಬೇಡ” ಎಂದರು.

ಅವರು ಬೇಡವೆಂದರೂ ನಾನು ಹೇಳುತ್ತೇನೆ. ಅಂದು ನನ್ನ ಆಸೆಯಂತೆ “ಬಂದೇ ಬರುತ್ತೆ” ಎಂದಿದ್ದರೆ ಇಂದು ಊರೆಲ್ಲ ಅವರನ್ನು ಸುಳ್ಳಿ ಎನ್ನುತ್ತಿತ್ತು. ಈಗ ಮ್ಯಾನೇಜರ್ ಒಂದು ಗೋಡೆ ಕಟ್ಟಿಸಬೇಕಾದರೂ ಮೊದಲು ಅತ್ತಿಗೆಗೆ ಫೋನ್ ಮಾಡುತ್ತಾರೆ. ಇಂಥವರು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ.

ನೀರಿಳಿದ ಮೇಲೆ ಅತ್ತಿಗೆ ಬಂದ ಆ ದಿನ ಅಮ್ಮ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದಳು, ಅತ್ತಿಗೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

“ಡಾಕ್ಟರು ದೇವರ ಕೈಲಿದೆ ಅಂತಾರೆ. ಇವನು ನೂರು ವರ್ಷ ಅಂತಾನೆ. ನೀನು ಹೇಳೇ, ನಾನಿನ್ನು ಎಷ್ಟು ವರ್ಷ?”

ನಾನು ಕೆಮ್ಮಿದೆ, ಕಣ್ಸನ್ನೆ ಮಾಡಿದೆ. ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ.

“ಎರಡರಿಂದ ಹನ್ನೊಂದು, ಅತ್ತೆ. ಮೂವರು ಡಾಕ್ಟರನ್ನ ಬೇರೆ ಬೇರೆಯಾಗಿ ಕೇಳಿದೀನಿ. ಒಬ್ಬರು ಇನ್ನೊಬ್ಬರನ್ನ ಕೇಳಿ ಹೇಳಿದ್ದಲ್ಲ.”

“ಹನ್ನೊಂದೂ ಇದ್ಯಾ ಅದರಲ್ಲಿ?”

“ಇದೆ.”

ಅಮ್ಮ ನನ್ನ ಕಡೆ ತಿರುಗಿದಳು. “ಹಾಗಾದ್ರೆ ನಿಮ್ಮ ಚಿಕ್ಕಮ್ಮನಿಗೆ ಫೋನ್ ಮಾಡೋ. ಇನ್ನು ಬೇಕಾಗಲ್ಲ ಅಂತ ನನ್ನ ಉಣ್ಣೆ ಕೋಟು ಅವಳಿಗೆ ಕೊಟ್ಬಿಟ್ಟಿದ್ದೆ. ವಾಪಸ್ ಕೊಡೋಕೆ ಹೇಳು.”

ಕೊಟ್ಟಿದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೋಟು ವಾಪಸು ಬಂತು. ಆಮೇಲಿಂದ ಇದು ಆರನೇ ಚಳಿಗಾಲ. ಅದರ ಮೊಣಕೈ ಸವೆದುಹೋಗಿದೆ, ಹೊಸದು ಕೊಡಿಸು ಎಂದು ಅಮ್ಮ ನಿನ್ನೆಯಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ.