ಒಗೆಯುವ ಕಲ್ಲಿನ ಪಕ್ಕದ ಜನರೇಟರ್

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಮಾತು ಶುರು ಮಾಡಿದರೆ ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗುವ ಪೈಕಿ ನಾನು. ಅಪ್ಪನಿಂದ ಬಂದ ಗುಣ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾಗಿದ್ದ ಅವರು ಇಂಥ ಕಥೆ ಹೇಳುವವರಿಗೆ ಪ್ರಶ್ನೆ ಹಾಕಿ ಹಾಕಿಯೇ ಸುಸ್ತು ಮಾಡಿಬಿಡುತ್ತಿದ್ದರು. ಹಾಗಾಗಿ ಈಗ ನಾನು ಬರೆಯುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿದ್ದೇನೋ ಇಲ್ಲವೋ, ಅದೂ ಗೊತ್ತಿಲ್ಲ.

ಮಾಗಡಿ ರಸ್ತೆಯಲ್ಲಿ ಮೆಟ್ರೊ ಕಂಬಗಳು ಇನ್ನೂ ಎದ್ದಿರದ ಕಾಲ. ಬಸವೇಶ್ವರನಗರದಲ್ಲಿ ನಮ್ಮದು ಕೆಳಗಿನ ಮನೆ. ಮಹಡಿಯಲ್ಲಿ ಬಾಗಲಕೋಟೆ ಕಡೆಯ ಮಲ್ಲಪ್ಪ ಬಾಡಿಗೆಗಿದ್ದರು, ಸುಂಕದಕಟ್ಟೆಯ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಅಪ್ಪನ ಶ್ವಾಸಕೋಶ ಕೈಕೊಟ್ಟಿತ್ತು. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ, ಕರೆಂಟಿನಲ್ಲಿ ಓಡುವ ಒಂದು ಮಷೀನು ಅವರ ಮಂಚದ ಪಕ್ಕ ಹಗಲೂ ರಾತ್ರಿ ಗುಡುಗುಡು ಎನ್ನುತ್ತಿತ್ತು. ಅದು ನಿಂತರೆ ಸ್ವಲ್ಪ ಹೊತ್ತಿಗೇ ಅವರ ತುಟಿ ನೀಲಿಗಟ್ಟುತ್ತಿತ್ತು. ಕರೆಂಟು ಹೋದಾಗ ಇರಲೆಂದು ಇಟ್ಟುಕೊಂಡಿದ್ದ ಸಿಲಿಂಡರನ್ನು ಅವತ್ತೇ ತುಂಬಿಸಲು ಕೊಟ್ಟಿದ್ದೆವು.

ಮೇ ತಿಂಗಳ ಸಂಜೆ. ಮಳೆ ಬಂತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಗಾಳಿಗೆ ನಮ್ಮ ಕ್ರಾಸಿನ ಬಾಯಲ್ಲೇ ದೊಡ್ಡ ಮರವೊಂದು ರಸ್ತೆಗಡ್ಡ ಉರುಳಿತು, ಕರೆಂಟು ಹೋಯಿತು. ಆಂಬುಲೆನ್ಸಿಗೆ ಫೋನು ಮಾಡಿದರೆ, ಎಲ್ಲ ಕಡೆ ಮರ ಬಿದ್ದಿದೆ, ಬರುವುದು ತಡವಾಗುತ್ತದೆ ಎಂದರು. ನನ್ನ ಹೆಂಡತಿ ಸುಧಾ ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿ ಬೆನ್ನು ನೀವುತ್ತಿದ್ದಳು. ಆಕ್ಸಿಜನ್ ಇರುವ ಕೋಣೆಯೆಂದು ಮೇಣದಬತ್ತಿ ಹಚ್ಚುವ ಹಾಗಿರಲಿಲ್ಲ. ಕತ್ತಲಲ್ಲಿ ಅಪ್ಪನ ಏದುಸಿರು ಮಾತ್ರ ಕೇಳುತ್ತಿತ್ತು.

ಆಗ ನೆನಪಾದದ್ದು ಜನರೇಟರ್. ನಮ್ಮ ಚಾರಣದ ಗುಂಪು ಕ್ಯಾಂಪಿಗೆ ಒಯ್ಯುತ್ತಿದ್ದ, ಒಬ್ಬನೇ ಎತ್ತಬಹುದಾದ ಪುಟ್ಟ ಜನರೇಟರ್ ಅದು, ಹಿಂದಿನ ಕ್ಯಾಂಪಿನಿಂದ ಬಂದು ನಮ್ಮ ಮನೆಯಲ್ಲೇ ಇತ್ತು. ಹೊಗೆ ಒಳಗೆ ಹೋಗಬಾರದೆಂದು ಹಿತ್ತಲಿನ ತುದಿಗೆ, ಒಗೆಯುವ ಕಲ್ಲಿನ ಪಕ್ಕಕ್ಕೆ ಒಯ್ದಿಟ್ಟು ಹಗ್ಗ ಎಳೆದೆ. ಎರಡು ಎಳೆತಕ್ಕೇ ಸ್ಟಾರ್ಟ್ ಆಯಿತು. ಸದ್ಯ ಎಂದುಕೊಂಡು ನೂರು ವ್ಯಾಟಿನ ಬಲ್ಬು ಸಿಕ್ಕಿಸಿ ನೋಡಿದರೆ ಗೊರಗೊರ ಎಂದು ಕೆಮ್ಮಿ, ಬಲ್ಬು ಕೆಂಪಗಾಗಿ, ನಿಂತೇಹೋಯಿತು. ಖಾಲಿ ಓಡಿಸಿದರೆ ಓಡುತ್ತದೆ, ಲೋಡು ಕೊಟ್ಟರೆ ಸಾಯುತ್ತದೆ. ಒಂದು ಬಲ್ಬನ್ನೇ ಎಳೆಯಲಾರದ್ದು ಅಪ್ಪನ ಮಷೀನನ್ನು ಎಳೆಯುವುದುಂಟೆ?

ಸದ್ದು ಕೇಳಿ ಮಲ್ಲಪ್ಪ ಟಾರ್ಚು ಹಿಡಿದು ಇಳಿದುಬಂದರು. "ಸೀಮಿ ಎಣ್ಣಿ ಬೇಕೇನ್ರಿ ಸರ? ಸ್ಟೋವಿಂದ ಐತಿ, ತರ್ತೀನಿ" ಎಂದರು. ನಾನು ಚೋಕ್ ಎಳೆದು ನೋಡಿದೆ. ಏರ್ ಫಿಲ್ಟರ್ ಬಿಚ್ಚಿ ಕೊಡವಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದೆ, ಗಾಳಿಯ ತೂತು ಕಟ್ಟಿದ್ದರೂ ಹೀಗಾಗುತ್ತದೆ. ಕೊನೆಗೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿದರೆ ಕಪ್ಪಗೆ ಒದ್ದೆಯಾಗಿ, ಗಬ್ಬೆಂದು ಸೀಮೆಎಣ್ಣೆ ವಾಸನೆ. ಆಗ ಅರ್ಥವಾಯಿತು. ಈ ಜನರೇಟರುಗಳನ್ನು ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಅಗ್ಗದ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಬೇಕು, ಇಲ್ಲದಿದ್ದರೆ ಒಳಗೆ ಸೀಮೆಎಣ್ಣೆ ಉಳಿದು ಮುಂದಿನ ಸಲ ತಣ್ಣಗಿನ ಎಂಜಿನ್ ಲೋಡು ಎಳೆಯುವುದಿಲ್ಲ. ಕ್ಯಾಂಪಿನಲ್ಲಿ ಕೊನೆಗೆ ಅದನ್ನು ಆರಿಸಿದ ಮಹಾನುಭಾವ ಯಾರೋ, ನಿದ್ದೆಗಣ್ಣಲ್ಲಿ ಹಾಗೇ ಆರಿಸಿದ್ದ. ಅವನಿಗೆ ಮನಸಾರೆ ಬೈದುಕೊಳ್ಳುತ್ತ ಕಾರ್ಬ್ಯುರೇಟರಿನ ಕೆಳಗಿನ ತಿರುಪು ಸಡಿಲಿಸಿ ಹಳೆಯ ಎಣ್ಣೆ ಬಸಿದೆ. ವೈರಿನ ಒಂದು ಎಳೆ ಬಿಡಿಸಿ ಅದರಿಂದಲೇ ಎಣ್ಣೆ ಚಿಮ್ಮುವ ಜೆಟ್ಟಿನ ತೂತು ಚುಚ್ಚಿದೆ. ಒಳಗಿನಿಂದ ಸುಧಾ, "ಬೇಗ ರೀ, ಮಾವ ಮಾತೇ ಆಡ್ತಾ ಇಲ್ಲ" ಎಂದು ಕೂಗಿದಳು.

ಸ್ಟಾರ್ಟ್ ಮಾಡಿದೆ. ಬಲ್ಬು ಬೆಳ್ಳಗೆ ಉರಿಯಿತು. ಬಲ್ಬು ಕಿತ್ತು ಅಪ್ಪನ ಮಷೀನಿಗೆಂದು ಎಕ್ಸ್‌ಟೆನ್ಶನ್ ವೈರನ್ನು ಜನರೇಟರಿಗೆ ಸಿಕ್ಕಿಸಿ, ಅದರ ಬೋರ್ಡಿನ ತುದಿಯನ್ನು ಕಿಟಕಿಯ ಸರಳಿನೊಳಗಿಂದ ತೂರಿಸಿ, "ತಗೋ" ಎಂದು ಕೂಗಿ ಜನರೇಟರಿನ ಬಳಿಗೆ ಓಡಿಬಂದೆ. ನಾನು ಬರುವಷ್ಟರಲ್ಲೇ ಎಂಜಿನ್ನಿನ ದನಿ ತಗ್ಗಿತು. ಒಂದು ಗಳಿಗೆ ತಡವರಿಸಿ, ಹೊರೆ ಹೊತ್ತವರು ಹೆಜ್ಜೆ ಊರುವ ಹಾಗೆ ಭಾರವಾಗಿ, ನಿಧಾನಕ್ಕೆ ಹಿಡಿದುಕೊಂಡಿತು. "ಈಗ ಲೋಡ್ ಹಿಡೀತು ನೋಡ್ರಿ ಸರ" ಎಂದರು ಮಲ್ಲಪ್ಪ. ಒಳಗಿನಿಂದ ಸುಧಾ, "ಉಸಿರು ಸರಿಹೋಗ್ತಾ ಇದೆ ರೀ, ನೀವು ಅಲ್ಲೇ ಇರಿ" ಎಂದಳು.

ಸೀಮೆಎಣ್ಣೆಗೆ ತಿರುಗಿಸಿ ಕಲ್ಲಿನ ಮೇಲೆ ಕೂತೆ. ಮಳೆ ನಿಂತಿತ್ತು. ಬಡಾವಣೆಯಲ್ಲಿ ಎಲ್ಲೂ ದೀಪವಿಲ್ಲ, ಎದುರಿನ ಮನೆಗಳ ಅಂಚೂ ಕಾಣಿಸುತ್ತಿರಲಿಲ್ಲ. ನೀಲಿ ಹೊಗೆ ಒದ್ದೆ ಗೋಡೆಯ ಮೇಲೆ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತುಬಿಟ್ಟಿತ್ತು. ನನಗೆ ಒಂದು ಥರದ ಮಂಪರು. ಮನೆ, ಹಿತ್ತಲು, ನಾನು ಎಲ್ಲ ಆ ಸದ್ದಿನ ಮೇಲೆ ತೇಲುತ್ತಿದ್ದೇವೆ, ಅದು ನಿಂತರೆ ಎಲ್ಲವೂ ಮುಳುಗುತ್ತದೆ ಎನಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಕಾಣೆ. ಮಲ್ಲಪ್ಪ ಯಾವಾಗ ಮೇಲೆ ಹೋದರೆಂಬುದೂ ತಿಳಿಯಲಿಲ್ಲ. ಹೇಳಿದರೆ ನಗುತ್ತೀರಿ, ನನಗೆ ಬಹಳ ನೆಮ್ಮದಿಯಾಗಿತ್ತು.

ಕರೆಂಟು ಬಂದು ಬೀದಿದೀಪ ಹತ್ತಿತು. ಅದೇ ಕ್ಷಣ, ನಾನು ಮುಟ್ಟುವ ಮೊದಲೇ, ಹೊರೆ ಇಳಿಸಿದ ಹಾಗೆ ಎಂಜಿನ್ ಹಗುರಾಗಿ ಸುಯ್ಯೆಂದು ಎದ್ದಿತು. ಒಳಗೆ ಅಪ್ಪನ ಮಷೀನು ಕೂಗಿತು. ಆರಿದ್ದು ಮತ್ತೆ ಶುರುವಾಗುವಾಗ ಮಾತ್ರ ಅದು ಹಾಗೆ ಉದ್ದಕ್ಕೆ ಕೂಗುತ್ತದೆ. ಓಡುತ್ತಿದ್ದದ್ದು ಯಾಕೆ ಕೂಗಬೇಕು ಎಂದುಕೊಂಡೇ ಒಳಗೆ ಹೋದೆ.

ಎಕ್ಸ್‌ಟೆನ್ಶನ್ ಬೋರ್ಡು ನಾನು ತೂರಿಸಿದ ಹಾಗೆಯೇ ಕಿಟಕಿಯ ಕಟ್ಟೆಯ ಮೇಲೆ ಮಗುಚಿ ಬಿದ್ದಿತ್ತು. ಅದಕ್ಕೆ ಏನನ್ನೂ ಸಿಕ್ಕಿಸಿರಲಿಲ್ಲ. ಮಷೀನಿನ ಪ್ಲಗ್ಗು ಅಷ್ಟು ಹೊತ್ತೂ ಕರೆಂಟಿಲ್ಲದಿದ್ದ ಗೋಡೆಯ ಪಾಯಿಂಟಿನಲ್ಲಿ, ಯಾವಾಗಲೂ ಇರುವಲ್ಲೇ ಇತ್ತು. "ನೀನು ಬೋರ್ಡಿಗೆ ಹಾಕಲೇ ಇಲ್ವಾ?" ಎಂದೆ. ಸುಧಾ ನನ್ನ ಮುಖವನ್ನೇ ನೋಡಿದಳು. "ನಾನು ಮಾವನ್ನ ಹಿಡ್ಕೊಂಡಿದ್ದೆ. ಕಿಟಕಿಯಿಂದ ಕೈ ಹಾಕಿ ನೀವೇ ಹಾಕಿದ್ರಿ ಅಂದ್ಕೊಂಡೆ. ಮಷೀನು ಓಡ್ತಾ ಇತ್ತಲ್ರೀ" ಎಂದಳು. ಅಪ್ಪ ನಿದ್ದೆ ಮಾಡುತ್ತಿದ್ದರು. ಅವರ ತುಟಿ ಎಂದಿನ ಬಣ್ಣದಲ್ಲಿತ್ತು.

ಜನರೇಟರಿನ ಟ್ಯಾಂಕು ನೋಡಿದೆ. ತುಂಬ ಹೊತ್ತು ಲೋಡು ಎಳೆದರೆ ಖಾಲಿಯಾಗುವಷ್ಟೇ ಖಾಲಿಯಾಗಿತ್ತು.

ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತ, "ಪರವಾಗಿಲ್ಲ ಕಣೋ ನಿನ್ನ ಡಬ್ಬ ಜನರೇಟರು. ಮಷೀನಿನ ಸದ್ದಿಗೇ ನಿದ್ದೆ ಬಂದ್ಬಿಡ್ತು" ಎಂದರು. ನಾವು ಏನೂ ಹೇಳಲಿಲ್ಲ. ಹೇಳಿದರೆ ಅವರು ಎದ್ದು ಕೂತು ಅದನ್ನು ಬಿಡಿಸಿ ನೋಡುತ್ತಿದ್ದರು. ಬಿಡಿಸಿದರೆ ಎಲ್ಲಿ ಹೊರಟುಹೋಗುತ್ತದೋ ಎಂದು ನನಗೆ ನಿಜಕ್ಕೂ ಭಯವಾಯಿತು.

ವಿಜಯನಗರದ ಎಂಜಿನಿಯರ್ ಗೆಳೆಯನೊಬ್ಬನ ಪ್ರಕಾರ ಜನರೇಟರಿನೊಳಗಿನ ತಂತಿಯ ವೈಂಡಿಂಗ್ ಶಾರ್ಟಾದರೆ ಲೋಡಿಲ್ಲದೆಯೂ ಎಂಜಿನ್ ಏದುತ್ತದೆ. ಆದರೆ ಹಾಗಾಗಿದ್ದರೆ ಅದು ಸುಟ್ಟುಹೋಗಬೇಕಿತ್ತು, ಮುಂದಿನ ಕ್ಯಾಂಪಿನಲ್ಲಿ ಏನೂ ಆಗದ ಹಾಗೆ ಓಡಿತು. ಒಮ್ಮೊಮ್ಮೆ ಶ್ವಾಸಕೋಶ ತಾನೇ ಚೇತರಿಸಿಕೊಳ್ಳುತ್ತದೆ ಎಂದರು ಡಾಕ್ಟರು. ಇರಬಹುದು. ಆದರೆ ಎರಡೂ ಒಂದೇ ಸಂಜೆ, ಒಂದೇ ಗಳಿಗೆಯಲ್ಲಿ ಶುರುವಾದದ್ದು ಹೇಗೆ?

ಅಪ್ಪ ಆಮೇಲೂ ಕೆಲವು ವರ್ಷ ಇದ್ದರು. ಅವರು ಹೋದದ್ದು ಒಂದು ಭಾನುವಾರ ಮಧ್ಯಾಹ್ನ, ಬಿಸಿಲಿತ್ತು, ಕರೆಂಟಿತ್ತು, ಮಷೀನು ಓಡುತ್ತಿತ್ತು. ನಾನು ಪೈಪು ನೋಡಿದೆ, ಪ್ಲಗ್ಗು ನೋಡಿದೆ, ಎಲ್ಲ ಸರಿಯಾಗಿತ್ತು. ಆದರೂ ಮತ್ತೆ ಮತ್ತೆ ನೋಡುತ್ತಲೇ ಇದ್ದೆ. ಕೊನೆಗೆ ಸುಧಾ ಬಂದು ನನ್ನ ಕೈ ಹಿಡಿದು, "ಸಾಕು ಬಿಡಿ" ಎಂದಳು.