ಎಡಗೈ ಮಗಳ ಮೇಜು

ಬಡಗಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಓಣಿಯವರು ಸಿಡಿಮದ್ದು ಎಂದೇ ಹೆಸರಿಟ್ಟಿದ್ದರು. ಮಗಳ ಮಾತು ಬಂದರೆ ಮಾತ್ರ ಮನುಷ್ಯ ಬೆಣ್ಣೆ. ಅವಳು ಎಂಜಿನಿಯರ್ ಆಗಿ ಮನೆಗಳ ನಕ್ಷೆ ಬರೆಯುತ್ತಾಳೆ, ಆ ಮನೆಗಳಿಗೆ ಬಾಗಿಲು ಕೂರಿಸುವವನು ನಾನೇ ಎಂದು ಗಿರಾಕಿಗಳ ಕಿವಿ ತೂತು ಮಾಡಿದ್ದ.

ಮಗಳು ಎಡಗೈಯಲ್ಲಿ ಬರೆಯುವವಳು. ಅವಳ ಕೈಗೆ ಹೊಂದುವ ಇಳಿಜಾರು ಮೇಜನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದ. ಅವಳು ರಜೆ ಮುಗಿಸಿ ಕಾಲೇಜಿನ ಹಾಸ್ಟೆಲಿಗೆ ಹೊರಡುವ ಮೊದಲು ಸ್ಟೂಲಿನ ಮೇಲೆ ಕೂರಿಸಿ ಮೊಣಕೈ ಎತ್ತರ ಅಳೆದ.

"ಹಿಂಗೆ ಬಗ್ಗಿದ್ರೆ ಬೆನ್ನು ನೋಯುತ್ತಾ ಮಗಾ?"

"ಇಲ್ಲಪ್ಪ."

"ಇನ್ನೊಂಚೂರು ಏರಿಸ್ಲಾ?"

"ಸಾಕಪ್ಪ."

ಪಕ್ಕದಲ್ಲಿ ಹಲಗೆ ಕೀಸುತ್ತಿದ್ದ ಬಡಗಿಯ ತಮ್ಮ ತಲೆ ಎತ್ತಲಿಲ್ಲ. ಹೆಂಡತಿ ಟೀ ತಂದಿಟ್ಟು, "ಅದಕ್ಕೆ ಎಷ್ಟು ಅಂತ ಒದ್ದಾಡ್ತೀರಿ, ಬಿಡಿ" ಅಂದಳು. ಅವನಿಗೆ ಅದು ಮುದ್ದಿನ ಮಾತಿನಂತೆ ಕೇಳಿತು.

ಪಾಲಿಶ್ ಒಣಗಿದ ದಿನ, ಯಾರಿಗೂ ಹೇಳದೆ ಲಗೇಜು ಆಟೋಗೆ ಮೇಜು ಏರಿಸಿಕೊಂಡು ಹಾಸ್ಟೆಲಿಗೆ ಹೋದ. ಬಾಗಿಲಲ್ಲಿದ್ದ ಮೇಲ್ವಿಚಾರಕಿ ವಿಚಾರಿಸಿದಳು.

"ಎಂಜಿನಿಯರಿಂಗ್ ಓದೋಳು," ಎಂದ ಎದೆಯುಬ್ಬಿಸಿ. "ಎಡಗೈಲಿ ಬರೀತಾಳೆ."

"ಎಡಗೈಯವಳಾ? ಅವಳು ಇತಿಹಾಸದ ಹುಡುಗಿ ಅಲ್ವಾ?"

"ಅವಳು ಬೇರೆ ಯಾರೋ ಇರ್ಬೇಕಮ್ಮ," ಎಂದು ನಕ್ಕ. ನಗು ಮುಗಿಯುವ ಮೊದಲೇ ಮಗಳು ಮೆಟ್ಟಿಲಿಳಿದು ಬಂದು, ಮೇಜು ನೋಡಿ ಅಲ್ಲೇ ನಿಂತಳು.

"ಅಪ್ಪ... ಬರ್ತೀನಿ ಅಂತ ನೀನು ಹೇಳ್ಲೇ ಇಲ್ಲ."

"ಹೇಳದೇ ಇರೋದನ್ನ ಮೊದಲು ಶುರು ಮಾಡಿದ್ದು ಯಾರು? ಇತಿಹಾಸಾನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಆವತ್ತು ಅಳತೆಗೆ ಕೂತಿದ್ದೆಯಲ್ಲ, ಬಾಯಿಗೇನಾಗಿತ್ತು?"

"ಹೆದರಿಕೆ ಆಯ್ತು. ನಿಧಾನಕ್ಕೆ ಹೇಳಿದ್ರಾಯ್ತು ಅಂದ್ಲು ಅಮ್ಮ."

"ಅಮ್ಮಂಗೂ ಗೊತ್ತಾ?"

"ಚಿಕ್ಕಪ್ಪನೇ ಬಂದು ಸೇರಿಸಿದ್ದು."

ಚಿಕ್ಕಪ್ಪ! ಒಂದೇ ಮರಗೆಲಸದ ಕೊಟ್ಟಿಗೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ದುಡಿಯುವ ಒಡಹುಟ್ಟಿದವನು. "ಅಣ್ಣ, ನುಣುಪಾಯ್ತಾ ನೋಡು" ಎನ್ನುತ್ತಾ ಇದೇ ಮೇಜಿನ ಹಲಗೆಯನ್ನು ಕೀಸಿ ಕೊಟ್ಟವನು. ಮನೆಗೆ ಮನೆಯೇ ಸೇರಿ ಬಡಗಿಯ ಕಿವಿಗೆ ಹೂ ಇಟ್ಟಿತ್ತು. ಇತಿಹಾಸ ಓದಲಿ, ಹಾಳಾಗಿ ಹೋಗಲಿ, ಅದಲ್ಲ ಸಂಕಟ. ಅವನ ಕೋಪ ಎಂದರೆ ಏನು, ನಾಲ್ಕು ಕೂಗು, ಒಂದು ಲೋಟ ಒಡೆಯುವುದು, ಆಮೇಲೆ ತಾನೇ ಹೋಗಿ ಮಾತಾಡಿಸುವುದು. ಅಷ್ಟನ್ನು ತಡೆದುಕೊಳ್ಳಲಾಗದೆ ಇವರು ತಿಂಗಳುಗಟ್ಟಲೆ ಮುಖವಾಡ ಹಾಕಿಕೊಂಡು ಅವನ ಜೊತೆ ಉಂಡರಲ್ಲ!

"ಅಣ್ಣ, ಇಳಿಸ್ಲೋ ಬೇಡ್ವೋ?" ಆಟೋದವನು ಕೇಳಿದ.

"ಇಳಿಸು. ಇತಿಹಾಸದೋರೇನು ನೆಲದ ಮೇಲೆ ಬರೀತಾರಾ?"

ಮೇಜು ಇಳಿಯಿತು. ಮಗಳು ಅದನ್ನು ಮುಟ್ಟಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಬೈಯಪ್ಪ. ಯಾಕೆ ಸುಮ್ನಿದ್ದೀಯ? ಒಂದೇಟು ಹೊಡೀ ಬೇಕಾದ್ರೆ."

"ಬೈಯೋಕೆ ನಮ್ಮೋರು ಅನ್ನಿಸ್ಬೇಕಲ್ಲ," ಎಂದು ಆಟೋ ಹತ್ತಿದ.

ಅವಳು ಅಳುತ್ತಾ ಆಟೋದ ಕಂಬಿಯನ್ನು ಹಿಡಿದುಕೊಂಡಳು. ಅವನು ಆ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ ಬಿಡಿಸಿದ.

"ನಡಿಯಪ್ಪಾ," ಎಂದ ಆಟೋದವನಿಗೆ.